ದೃಷ್ಟಿ ಕುಗ್ಗುತ್ತಿರುವ ಮಗಳಿಗೆ ಗಣಿತ, ವಿಜ್ಞಾನ ಬಿಡಿಸಬೇಕೇ?

ಪ್ರಶ್ನೆ: ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುತ್ತೇವೆ. ಮಗಳು ಸರ್ಕಾರಿ ಪ್ರೌಢಶಾಲೆಯಲ್ಲಿ 9ನೇ ತರಗತಿ ಓದುತ್ತಿದ್ದಾಳೆ, ಕನ್ನಡ ಮಾಧ್ಯಮ. ಸಂಜೆಯಾದರೆ ಅವಳಿಗೆ ಕಾಣಿಸುವುದಿಲ್ಲ, ಹಗಲಲ್ಲೂ ಪಕ್ಕದಿಂದ ಬರುವವರು ಗೊತ್ತಾಗುವುದಿಲ್ಲ. ಡಾಕ್ಟರು ರೆಟಿನೈಟಿಸ್ ಪಿಗ್ಮೆಂಟೋಸಾ ಎಂದಿದ್ದಾರೆ. ಲೆಕ್ಕದಲ್ಲಿ ಚುರುಕು, ಕಂಪ್ಯೂಟರ್ ಎಂಜಿನಿಯರ್ ಆಗುತ್ತೇನೆ ಅನ್ನುತ್ತಾಳೆ. 10ನೇ ತರಗತಿಯಲ್ಲಿ ಗಣಿತ, ವಿಜ್ಞಾನದ ಬದಲು ಸಮಾಜಶಾಸ್ತ್ರ, ರಾಜ್ಯಶಾಸ್ತ್ರ ತೆಗೆದುಕೊಳ್ಳಲಿ, ರಿಯಾಯಿತಿ ಇದೆ, ಸುಲಭವಾಗಿ ಪಾಸಾಗುತ್ತಾಳೆ ಎಂದು ಶಾಲೆಯಲ್ಲಿ ಹೇಳುತ್ತಿದ್ದಾರೆ. ಪಿಯು ಕಾಲೇಜೊಂದರಲ್ಲಿ ವಿಚಾರಿಸಿದರೆ 'ಲ್ಯಾಬ್ ಹೇಗೆ ಮಾಡುತ್ತಾಳೆ, ಆಸಿಡ್ ಚೆಲ್ಲಿಕೊಂಡರೆ ಯಾರು ಜವಾಬ್ದಾರಿ' ಅಂದರು. ನಾವು ಏನು ಮಾಡಬೇಕು? ಯಾವ ಕಾಗದ ಬೇಕು, ಖರ್ಚು ಹೇಗೆ?

ಉತ್ತರ: ಗಣಿತ, ವಿಜ್ಞಾನ ಬಿಡಿಸಬೇಡಿ. ಶಾಲೆಯವರು ಹೇಳಿದ ರಿಯಾಯಿತಿ ಇರುವುದು ನಿಜ. ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ಗಣಿತದ ಪಕ್ಕ ಸಮಾಜಶಾಸ್ತ್ರ, ವಿಜ್ಞಾನದ ಪಕ್ಕ ರಾಜ್ಯಶಾಸ್ತ್ರ ಕಾಣುವುದು ಇಂಥ ಮಕ್ಕಳಿಗಾಗಿಯೇ. ಆದರೆ ಅದನ್ನು ತೆಗೆದುಕೊಂಡ ಹುಡುಗಿಗೆ ಪಿಯುಸಿ ವಿಜ್ಞಾನದ ಬಾಗಿಲು ಅಲ್ಲಿಗೇ ಮುಚ್ಚಿತು. ಡಿಪ್ಲೊಮಾ ಕೂಡ ಕೈತಪ್ಪುತ್ತದೆ, ಏಕೆಂದರೆ ಪಾಲಿಟೆಕ್ನಿಕ್ ಸೇರಲು ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಮತ್ತು ವಿಜ್ಞಾನ ಓದಿ ಕನಿಷ್ಠ ಶೇ 35 ಅಂಕ ಬಂದಿರಬೇಕು. ಶಾಲೆಯವರ ಮನಸ್ಸು ಒಳ್ಳೆಯದೇ, ಮಗು ಫೇಲಾಗದಿರಲಿ ಎಂಬ ಕಾಳಜಿ ಅದು. ಲೆಕ್ಕದಲ್ಲಿ ಚುರುಕಿರುವ ಹುಡುಗಿಗೆ ಮಾತ್ರ ಅದು ಹೊಂದುವುದಿಲ್ಲ.

ವಿಷಯದಿಂದ ವಿನಾಯಿತಿ ಕೇಳಬೇಡಿ. ಅದೇ ವಿಷಯವನ್ನು ಓದಲು, ಬರೆಯಲು ಬೇಕಾದ ವ್ಯವಸ್ಥೆ ಕೇಳಿ. ಹೆಚ್ಚುವರಿ ಸಮಯ, ಅವಳ ಕಣ್ಣಿಗೆ ಹೊಂದುವ ಪ್ರಶ್ನೆಪತ್ರಿಕೆ, ಅಗತ್ಯವಿದ್ದರೆ ಬರೆಯಲು ಸಹಾಯಕರು: ಇವೆಲ್ಲ ಗಣಿತ ಉಳಿಸಿಕೊಂಡೇ ಸಿಗುತ್ತವೆ. 10ನೇ ತರಗತಿಯ ಪರೀಕ್ಷಾ ನೋಂದಣಿ ಮಾಡುವಾಗ ಯಾವ ಯಾವ ವಿಷಯ ತುಂಬಿದ್ದಾರೆಂದು ನೀವೇ ಓದಿ ನೋಡಿ, ಆಮೇಲೆ ಸಹಿ ಹಾಕಿ. ಸಹಾಯ ಮಾಡುವ ಹುರುಪಿನಲ್ಲಿ ಯಾರಾದರೂ ಬದಲಿ ವಿಷಯ ತುಂಬಿಬಿಟ್ಟರೆ ಹಾಲ್ ಟಿಕೆಟ್ ಬಂದ ಮೇಲಷ್ಟೇ ಗೊತ್ತಾಗುತ್ತದೆ.

ಈಗ ಕಣ್ಣಿನ ವಿಷಯ. ರೆಟಿನೈಟಿಸ್ ಪಿಗ್ಮೆಂಟೋಸಾದಲ್ಲಿ ಮೊದಲು ಕಡಿಮೆ ಬೆಳಕಿನ ನೋಟ ಹೋಗುತ್ತದೆ, ನಂತರ ಸುತ್ತಲಿನ ನೋಟ ಕಿರಿದಾಗುತ್ತಾ ಬರುತ್ತದೆ. ನಡುವಿನ ನೋಟ ಬಹಳ ವರ್ಷ ಚೆನ್ನಾಗಿಯೇ ಉಳಿಯಬಹುದು. ಇದು ಗೊತ್ತಿಲ್ಲದೆ ಶಾಲೆಗಳಲ್ಲಿ ಎರಡು ತಪ್ಪು ನಡೆಯುತ್ತವೆ. ಒಂದು, ಅಕ್ಷರವನ್ನು ತೀರಾ ದೊಡ್ಡದು ಮಾಡಿ ಕೊಡುವುದು. ನೋಟದ ಕಿಂಡಿ ಸಣ್ಣದಿರುವಾಗ ದೊಡ್ಡ ಅಕ್ಷರ ಕೊಟ್ಟರೆ ಒಮ್ಮೆಗೆ ಎರಡು ಮೂರು ಅಕ್ಷರವಷ್ಟೇ ಕಿಂಡಿಯೊಳಗೆ ಬರುತ್ತವೆ, ಓದು ನಿಧಾನವಾಗುತ್ತದೆ. ಒಂದೇ ಮಟ್ಟದ ಪಾಠಗಳನ್ನು 12, 14, 16, 20 ಪಾಯಿಂಟ್‌ಗಳಲ್ಲಿ ಮುದ್ರಿಸಿ, ಒಂದೊಂದನ್ನೂ ಒಂದು ನಿಮಿಷ ಓದಿಸಿ, ಓದಿದ ಪದ ಎಣಿಸಿ. ಎಲ್ಲಿ ಹೆಚ್ಚು ಪದ ಬಂತೋ ಅದೇ ಅವಳ ಅಳತೆ. ಆ ಅಳತೆಯನ್ನು ಬರೆದಿಟ್ಟುಕೊಳ್ಳಿ, ಮುಂದೆ ಪ್ರತಿ ಪರೀಕ್ಷೆಯ ಅರ್ಜಿಯಲ್ಲೂ ಅದೇ ಬೇಕು. 'ದೊಡ್ಡ ಅಕ್ಷರ' ಎಂದಷ್ಟೇ ಬರೆದರೆ ಎ3 ಹಾಳೆಯಲ್ಲಿ ಜೆರಾಕ್ಸ್ ಹಿಗ್ಗಿಸಿ ಕೊಡುತ್ತಾರೆ, ಅದನ್ನು ಅವಳು ಓದಲಾರಳು.

ಎರಡನೆಯದು, ಮುಂದಿನ ಬೆಂಚು. ಬೋರ್ಡಿನ ಬುಡದಲ್ಲಿ ಕೂತರೆ ಬೋರ್ಡು ಅವಳ ಕಿಂಡಿಗಿಂತ ಅಗಲ. ದೂರದ ನೋಟ ಇನ್ನೂ ಸ್ಪಷ್ಟವಿದ್ದರೆ ಮೂರನೇ ಅಥವಾ ನಾಲ್ಕನೇ ಸಾಲು ವಾಸಿ. ಬೋರ್ಡಿನ ಎರಡೂ ಅಂಚು ಎಲ್ಲಿಂದ ಕಾಣುತ್ತವೆ ಎಂದು ಅವಳನ್ನೇ ಕೇಳಿ ಅಲ್ಲಿ ಕೂರಿಸಲಿ. ಬೋರ್ಡಿಗೆ ಕಪ್ಪು ಬಳಿಸಿ ಬಿಳಿ ಸೀಮೆಸುಣ್ಣ ಬಳಸಲಿ, ಬಣ್ಣದ್ದು ಬೇಡ. ಬರೆಯುವಾಗಲೇ ಬಾಯಲ್ಲೂ ಹೇಳಲಿ. 'ಇದನ್ನು ಆ ಕಡೆ ತಂದರೆ ಇದಾಗುತ್ತೆ' ಎಂಬ ಮಾತು ನೋಡಲಾಗದವಳಿಗೆ ಏನೂ ಹೇಳುವುದಿಲ್ಲ. ಟೇಬಲ್ ಲ್ಯಾಂಪಿನ ಬೆಳಕು ಪುಸ್ತಕದ ಮೇಲೆ ಬೀಳಬೇಕು, ಕಣ್ಣಿಗೆ ಹೊಡೆಯಬಾರದು. ಬಿಸಿಲಿಂದ ಕೋಣೆಗೆ ಬಂದಾಗ ಕಣ್ಣು ಹೊಂದಿಕೊಳ್ಳಲು ಅವಳಿಗೆ ಹಲವು ನಿಮಿಷ ಬೇಕು, ಬಂದ ತಕ್ಷಣ ಓದು ಎನ್ನಬಾರದು.

ಔಷಧದ ಬಗ್ಗೆ ಒಂದು ಮಾತು. ಈ ಕಾಯಿಲೆಯನ್ನು ಪೂರ್ತಿ ಗುಣಪಡಿಸುವ ಮದ್ದು ಸದ್ಯಕ್ಕಿಲ್ಲ. ಅಮೆರಿಕದಲ್ಲಿ 2017ರಲ್ಲಿ ಒಪ್ಪಿಗೆ ಪಡೆದ ಜೀನ್ ಚಿಕಿತ್ಸೆ ಒಂದೇ ಒಂದು ಜೀನಿನ ದೋಷದಿಂದ ಬಂದ ತೊಂದರೆಗೆ ಮಾತ್ರ. ಗುಣ ಮಾಡುತ್ತೇವೆ ಎನ್ನುವವರಿಗೆ ಜಮೀನು ಅಡವಿಟ್ಟು ಹಣ ಸುರಿಯಬೇಡಿ. ಆದರೆ ವರ್ಷಕ್ಕೊಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಈ ಕಾಯಿಲೆಯ ಜೊತೆ ಬರುವ ಪೊರೆ ಮತ್ತು ಅಕ್ಷಿಪಟಲದ ನಡುವಿನ ಊತಕ್ಕೆ ಚಿಕಿತ್ಸೆ ಇದೆ.

ಕಾಗದಗಳಲ್ಲಿ ಮೊದಲನೆಯದು ಯುಡಿಐಡಿ ಕಾರ್ಡು, ಅಂದರೆ ಅಂಗವೈಕಲ್ಯದ ಗುರುತಿನ ಚೀಟಿ. ಇಲ್ಲಿ ನಿಮ್ಮ ಮಗಳಂಥವರಿಗೆ ಆಗುವ ನಷ್ಟ ಯಾವುದೆಂದರೆ, ಗೋಡೆಯ ಚಾರ್ಟ್ ಮಾತ್ರ ಓದಿಸಿ ಶೇಕಡಾವಾರು ಬರೆಯುವುದು. ನಡುವಿನ ನೋಟ ಚೆನ್ನಾಗಿರುವ ಹುಡುಗಿ ಚಾರ್ಟಿನಲ್ಲಿ 6/12 ಸಾಲು ಓದಿಬಿಡುತ್ತಾಳೆ, ಪ್ರಮಾಣ ಕಡಿಮೆ ಬರುತ್ತದೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ ಪ್ರಕಾರ ನೋಟದ ವಿಸ್ತಾರ 40 ಡಿಗ್ರಿಗಿಂತ ಕಡಿಮೆಯಿದ್ದರೆ ಅದು ಮಂದದೃಷ್ಟಿ, 10 ಡಿಗ್ರಿಗಿಂತ ಕಡಿಮೆಯಾದರೆ ಅಂಧತ್ವ. ಚಾರ್ಟ್ ಎಷ್ಟು ಓದಿದಳು ಎಂಬುದು ಅಲ್ಲಿ ಅಡ್ಡಿಯಲ್ಲ. ಆದ್ದರಿಂದ ನೋಟದ ವಿಸ್ತಾರ ಅಳೆಯುವ ಪೆರಿಮೆಟ್ರಿ ಎಂಬ ಪರೀಕ್ಷೆಯ ವರದಿ ಇಟ್ಟುಕೊಂಡೇ ವೈದ್ಯಕೀಯ ಮಂಡಳಿಯ ಮುಂದೆ ಹೋಗಿ. ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ, ಆಗದಿದ್ದರೆ ಬೆಂಗಳೂರಿನ ಮಿಂಟೋ ಸರ್ಕಾರಿ ಕಣ್ಣಾಸ್ಪತ್ರೆಯಲ್ಲಿ ಮಾಡಿಸಿ.

ಅರ್ಜಿ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಹಾಕಬೇಕು. ನಿಮ್ಮ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ತಾಲ್ಲೂಕಿನ ಎಂಆರ್‌ಡಬ್ಲ್ಯೂ ಎಂಬ ಪುನರ್ವಸತಿ ಕಾರ್ಯಕರ್ತರು ಇದನ್ನು ಮಾಡಿಕೊಡುತ್ತಾರೆ, ಅದು ಅವರ ಕೆಲಸವೇ. ಈಗ ಶೇ 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರೊಳಗೆ ಹಳದಿ, ಅದಕ್ಕೂ ಮೇಲೆ ನೀಲಿ ಪಟ್ಟಿಯ ಕಾರ್ಡು ಬರುತ್ತದೆ. ಸೀಟಿನ ಮೀಸಲಾತಿಗೆ, ವಿದ್ಯಾರ್ಥಿವೇತನಕ್ಕೆ ಶೇ 40 ಮುಟ್ಟಲೇಬೇಕು. ಪರೀಕ್ಷೆಯ ಅನುಕೂಲಕ್ಕೆ ಹಾಗಿಲ್ಲ: ವಿಕಾಸ್ ಕುಮಾರ್ ಪ್ರಕರಣದಲ್ಲಿ 2021ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿತು, ಶೇ 40ಕ್ಕಿಂತ ಕಡಿಮೆ ಇದ್ದು ಬರೆಯಲು ತೊಂದರೆ ಇರುವವರಿಗಾಗಿ ಕೇಂದ್ರ ಸರ್ಕಾರ 2022ರ ಆಗಸ್ಟ್ 10ರಂದು ಪ್ರತ್ಯೇಕ ಮಾರ್ಗಸೂಚಿ ತಂದಿದೆ. ಇನ್ನೊಂದು, ಹೆಸರು. ಆಧಾರ್, ಶಾಲೆಯ ದಾಖಲೆ, ಯುಡಿಐಡಿ ಮೂರರಲ್ಲೂ ಇನಿಷಿಯಲ್ ಸಮೇತ ಒಂದೇ ಥರ ಇರಲಿ. ಎಸ್ಸೆಸ್ಸೆಲ್ಸಿ ನೋಂದಣಿಗೆ ಮೊದಲೇ ಸರಿಪಡಿಸಿಕೊಳ್ಳಿ. ಅಂಕಪಟ್ಟಿ ಬಂದ ಮೇಲೆ ತಿದ್ದಿಸಲು ಹೊರಟರೆ ಸಿಇಟಿ ಅರ್ಜಿಯ ದಿನಾಂಕ ಮುಗಿದಿರುತ್ತದೆ.

ಈ ಎರಡು ವರ್ಷದಲ್ಲಿ ಅವಳು ಕಲಿಯಬೇಕಾದ್ದರಲ್ಲಿ ಅತಿ ಮುಖ್ಯವಾದದ್ದು ಪಠ್ಯದ ಹೊರಗಿದೆ: ನೋಡದೆ ಟೈಪ್ ಮಾಡುವುದು, ಕಿವಿಯಿಂದ ಓದುವುದು. 'ಇನ್ನೂ ಕಾಣುತ್ತಲ್ಲ, ಈಗಲೇ ಯಾಕೆ' ಎಂದು ಮನೆಯಲ್ಲಿ ಅನ್ನಿಸುತ್ತದೆ. ಕಾಣುವಾಗಲೇ ಕಲಿಯಬೇಕು. ಕನ್ನಡ ಮಾಧ್ಯಮದಿಂದ ಪಿಯುಸಿಗೆ ಹೋದಾಗ ಇಂಗ್ಲಿಷಿನ ಹೊರೆಯೇ ಸಾಕಷ್ಟಿರುತ್ತದೆ, ಅದರ ಮೇಲೆ ಹೊಸ ತಂತ್ರಾಂಶವೂ ಬಿದ್ದರೆ ಎರಡೂ ಕೆಡುತ್ತವೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಪೂರ್ತಿ ಉಚಿತ, ಪರದೆಯಲ್ಲಿರುವುದನ್ನು ಓದಿ ಹೇಳುತ್ತದೆ, ಕನ್ನಡವೂ ಅದರಲ್ಲಿದೆ. ಕನ್ನಡದ ಧ್ವನಿ ಯಂತ್ರದಂತೆ ಕೇಳಿಸುತ್ತದೆ, ಕೆಲವು ವಾರದಲ್ಲಿ ಕಿವಿ ಒಗ್ಗುತ್ತದೆ. 8 ಜಿಬಿ ರ‍್ಯಾಮ್ ಇರುವ ಯಾವ ವಿಂಡೋಸ್ ಲ್ಯಾಪ್‌ಟಾಪ್ ಆದರೂ ಸಾಕು, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಎಸ್ಸೆಸ್ಸೆಲ್ಸಿ ಮುಗಿಸಿದ ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳಿಗೆ ರಾಜ್ಯದ ವಿಕಲಚೇತನರ ಸಬಲೀಕರಣ ಇಲಾಖೆಯಲ್ಲಿ ಮಾತನಾಡುವ ಲ್ಯಾಪ್‌ಟಾಪ್ ಯೋಜನೆ ಇದೆ, ಜಿಲ್ಲಾ ಕಚೇರಿಯಲ್ಲಿ ಅರ್ಜಿ ಕರೆದಾಗ ತಪ್ಪಿಸಬೇಡಿ. ಕಲಿಕೆಯ ಕ್ರಮ ಹೀಗಿರಲಿ: ದಿನಕ್ಕೆ ಅರ್ಧ ಗಂಟೆ ಟೈಪಿಂಗ್, ಅದು ಕೈಗೆ ಬಂದ ಮೇಲೆ ಎನ್‌ವಿಡಿಎ, ಆಮೇಲೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ. ಟೈಪಿಂಗ್ ಬಿಟ್ಟು ನೇರ ಸ್ಕ್ರೀನ್ ರೀಡರಿಗೆ ಹಾರಿದವರು ಬೇಗ ಬೇಸತ್ತು ಬಿಡುತ್ತಾರೆ. ಪೈಥಾನ್‌ನಲ್ಲಿ ಸಾಲಿನ ಆರಂಭದ ಖಾಲಿ ಜಾಗಕ್ಕೂ ಅರ್ಥವಿದೆ, ಅದು ಕಿವಿಗೆ ಕೇಳಿಸುವುದಿಲ್ಲ. ಎನ್‌ವಿಡಿಎಯ ಡಾಕ್ಯುಮೆಂಟ್ ಫಾರ್ಮ್ಯಾಟಿಂಗ್ ಸೆಟ್ಟಿಂಗಿನಲ್ಲಿ ಲೈನ್ ಇಂಡೆಂಟೇಶನ್ ಎಂಬುದನ್ನು 'ಟೋನ್ಸ್' ಎಂದು ಇಟ್ಟರೆ ಸಾಲು ಒಳಗೆ ಹೋದಷ್ಟೂ ಸ್ವರ ಏರುತ್ತದೆ.

ಕನ್ನಡ ನೋಟ್ಸಿನಲ್ಲಿ ಒಂದು ತೊಡಕು ಖಂಡಿತ ಎದುರಾಗುತ್ತದೆ. ಮೇಷ್ಟ್ರುಗಳು ಕಳಿಸುವ ಎಷ್ಟೋ ನೋಟ್ಸು, ಎಲ್ಲ ಕಂಪ್ಯೂಟರಿಗೂ ಕನ್ನಡವೆಂದೇ ಗೊತ್ತಾಗುವ ಯೂನಿಕೋಡ್‌ಗೆ ಮೊದಲಿನ ಹಳೆಯ ನುಡಿ, ಬರಹ ಫಾಂಟಿನಲ್ಲಿ ಇರುತ್ತವೆ. ಕಣ್ಣಿಗೆ ಅಚ್ಚ ಕನ್ನಡ, ಕಂಪ್ಯೂಟರಿನ ಒಳಗೆ ಮಾತ್ರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಸ್ಕ್ರೀನ್ ರೀಡರ್ ಅದನ್ನೇ ಓದುತ್ತದೆ. ಪರೀಕ್ಷಿಸಲು ಒಂದು ಸಾಲನ್ನು ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಹಾಕಿ ನೋಡಿ. ಕನ್ನಡವೇ ಬಂದರೆ ಸರಿ, ಚುಕ್ಕಿ ಗೆರೆ ಹೊತ್ತ ಇಂಗ್ಲಿಷ್ ಬಂದರೆ ಹಳೆಯ ಫಾಂಟು. ವರ್ಡ್ ಕಡತವಾದರೆ ಯೂನಿಕೋಡ್ ಪರಿವರ್ತಕದಿಂದ ಬದಲಾಯಿಸಬಹುದು. ಪಿಡಿಎಫ್ ಆಗಿದ್ದರೆ ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಚಿತ್ರದಿಂದ ಕನ್ನಡ ಪಠ್ಯ ತೆಗೆದುಕೊಡುತ್ತದೆ, ಒತ್ತಕ್ಷರಗಳನ್ನು ಒಮ್ಮೆ ತಿದ್ದಬೇಕಾಗುತ್ತದೆ. ಪುಸ್ತಕವನ್ನು ಹೀಗೆ ಬದಲಾಯಿಸಿದರೆ ಕೃತಿಸ್ವಾಮ್ಯದ ತೊಂದರೆ ಬರುತ್ತದೆಂದು ಶಿಕ್ಷಕರು ಹೆದರಬೇಕಿಲ್ಲ. 2012ರ ತಿದ್ದುಪಡಿಯ ನಂತರ ಅಂಗವೈಕಲ್ಯ ಇರುವವರ ಓದಿಗಾಗಿ ಲಾಭವಿಲ್ಲದೆ ಮಾಡುವ ಪ್ರತಿಗೆ ಕಾಯ್ದೆಯಲ್ಲೇ ಅವಕಾಶವಿದೆ. ಈಗಾಗಲೇ ಸಿದ್ಧವಿರುವ ಪುಸ್ತಕಗಳಿಗೆ ಸುಗಮ್ಯ ಪುಸ್ತಕಾಲಯ ಎಂಬ ಆನ್‌ಲೈನ್ ಗ್ರಂಥಾಲಯದಲ್ಲಿ ಸದಸ್ಯತ್ವ ಮಾಡಿಸಿ. ಗಣಿತದ ಸೂತ್ರಗಳನ್ನು ಚಿತ್ರವಾಗಿ ಅಂಟಿಸಿದರೆ ಯಾವ ರೀಡರೂ ಓದದು, ವರ್ಡ್‌ನ ಈಕ್ವೇಶನ್ ಸೌಲಭ್ಯದಲ್ಲೇ ಬರೆದಿರಬೇಕು. ಆಗ ಎನ್‌ವಿಡಿಎಗೆ ಮ್ಯಾಥ್‌ಕ್ಯಾಟ್ ಎಂಬ ಗಣಿತ ಓದುವ ಜೋಡಣೆ ಸೇರಿಸಿದರೆ ಭಿನ್ನರಾಶಿ, ವರ್ಗಮೂಲ ಎಲ್ಲ ಸ್ಪಷ್ಟವಾಗಿ ಓದುತ್ತದೆ.

ಚಿತ್ರಗಳಿಗೆ ಟೈಲರ್ ಬಳಸುವ ಹಲ್ಲಿನ ಟ್ರೇಸಿಂಗ್ ಚಕ್ರ ಸಾಕು. ದಪ್ಪ ಹಾಳೆಯ ಕೆಳಗೆ ಹಳೆಯ ಸೈಕಲ್ ಟ್ಯೂಬೋ ರಬ್ಬರ್ ಮ್ಯಾಟೋ ಇಟ್ಟು ಗೆರೆ ಎಳೆದರೆ ಹಿಂಬದಿಯಲ್ಲಿ ಉಬ್ಬುಗೆರೆ ಮೂಡುತ್ತದೆ. ಹಿಂಬದಿಯಲ್ಲಿ ಮೂಡುವುದರಿಂದ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆದುಕೊಳ್ಳಬೇಕು. ಮರೆತರೆ ನಕ್ಷೆಯ ಎಡ ಬಲ ಅದಲುಬದಲಾಗಿ ಧನಾತ್ಮಕ ಇಳಿಜಾರು ಋಣಾತ್ಮಕವಾಗಿ ಕೈಗೆ ಸಿಗುತ್ತದೆ.

ಬರವಣಿಗೆಯ ಸಹಾಯಕರನ್ನು ಈಗಲೇ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಗಣಿತವನ್ನು ಬಾಯಲ್ಲಿ ಹೇಳಿ ಬರೆಸುವುದು ಬೇರೆಯೇ ವಿದ್ಯೆ. 'ಎಕ್ಸ್ ಪ್ಲಸ್ 2 ಬೈ ಎಕ್ಸ್ ಮೈನಸ್ 3' ಎಂದರೆ ಒಬ್ಬರು ಎಕ್ಸ್ ಪ್ಲಸ್ 2 ಪೂರ್ತಿಯನ್ನು ಮೇಲೆ ಬರೆಯುತ್ತಾರೆ, ಇನ್ನೊಬ್ಬರು 2 ಮಾತ್ರ ಮೇಲಿಡುತ್ತಾರೆ. 'ಭಿನ್ನರಾಶಿ ಶುರು, ಮೇಲೆ ಎಕ್ಸ್ ಪ್ಲಸ್ 2, ಕೆಳಗೆ ಎಕ್ಸ್ ಮೈನಸ್ 3, ಭಿನ್ನರಾಶಿ ಮುಗಿಯಿತು' ಎಂದು ಹೇಳಿ ರೂಢಿಯಾಗಬೇಕು. ಕೇಂದ್ರದ 2018ರ ಮಾರ್ಗಸೂಚಿಯಂತೆ ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯ, ಎರಡು ದಿನ ಮೊದಲು ಸಹಾಯಕರನ್ನು ಭೇಟಿ ಮಾಡುವ ಅವಕಾಶ, ಕಂಪ್ಯೂಟರಿನಲ್ಲೋ ದೊಡ್ಡ ಅಕ್ಷರದಲ್ಲೋ ಬರೆಯುವ ಆಯ್ಕೆ ಇವೆ. ನೀವೇ ಕರೆತರುವ ಸಹಾಯಕರ ಓದು ಅಭ್ಯರ್ಥಿಗಿಂತ ಒಂದು ಹಂತ ಕೆಳಗಿರಬೇಕು ಎಂದು ಆ 2018ರ ಮಾರ್ಗಸೂಚಿ ಹೇಳಿತ್ತು. ದ್ವಿತೀಯ ಪಿಯುಸಿ ಗಣಿತಕ್ಕೆ ಪ್ರಥಮ ಪಿಯುಸಿ ವಿಜ್ಞಾನದ ಹುಡುಗಿಯನ್ನೇ ಹುಡುಕಿ. ಕಲಾ ವಿಭಾಗದವರಿಗೆ ಅನುಕಲನದ ಚಿಹ್ನೆ ಬರೆಯಲು ಬಾರದೆ ಸಮಯ ಹೋಗುತ್ತದೆ.

ಇನ್ನು ಆ ಪಿಯು ಕಾಲೇಜು. ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಿಕ್ಷಣ ಸಂಸ್ಥೆಗಳು ತಾರತಮ್ಯವಿಲ್ಲದೆ ಸೇರಿಸಿಕೊಳ್ಳಬೇಕು, ಅಗತ್ಯ ಅನುಕೂಲ ಮಾಡಿಕೊಡಬೇಕು ಎಂದು ವಿಕಲಚೇತನರ ಹಕ್ಕುಗಳ ಕಾಯ್ದೆಯ 16ನೇ ಕಲಂ ಹೇಳುತ್ತದೆ. ಪಕ್ಕದ ಆಂಧ್ರದಲ್ಲಿ ಹುಟ್ಟಿನಿಂದ ಅಂಧರಾದ ಶ್ರೀಕಾಂತ್ ಬೊಲ್ಲಾ ಅವರಿಗೆ 11ನೇ ತರಗತಿಯಲ್ಲಿ ವಿಜ್ಞಾನ ಕೊಡುವುದಿಲ್ಲ ಎಂದಾಗ ಅವರು ನ್ಯಾಯಾಲಯಕ್ಕೆ ಹೋಗಿ ಓದಿದರು, ಮುಂದೆ ಅಮೆರಿಕದ ಎಂಐಟಿಯಲ್ಲಿ ಪದವಿ ಪಡೆದರು. ಆದರೂ ಮೊದಲ ದಿನವೇ ಕಾಯ್ದೆ ಹಿಡಿದು ಹೋಗುವುದಕ್ಕಿಂತ, ಏನು ಬೇಕೆಂದು ಕರಾರುವಾಕ್ಕಾಗಿ ಬರೆದ ಪತ್ರ ಹಿಡಿದು ಹೋಗುವುದು ಹೆಚ್ಚು ಕೆಲಸ ಮಾಡುತ್ತದೆ. 'ಎಲ್ಲ ರೀತಿಯ ಸಹಕಾರ ನೀಡಬೇಕಾಗಿ ವಿನಂತಿ' ಎಂಬ ಪತ್ರಕ್ಕೆ ಯಾರೂ ಏನೂ ಮಾಡಲಾರರು. ಹೀಗೆ ಬರೆಯಿರಿ:

'ನನ್ನ ಮಗಳಿಗೆ ಯುಡಿಐಡಿ ಪ್ರಕಾರ ಶೇ ಇಷ್ಟು ದೃಷ್ಟಿದೋಷವಿದೆ. ಭೌತ, ರಸಾಯನ, ಗಣಿತ, ಕಂಪ್ಯೂಟರ್ ವಿಜ್ಞಾನ ಸಂಯೋಜನೆಗೆ ಅರ್ಜಿ ಹಾಕಿದ್ದೇವೆ. ತರಗತಿಯಲ್ಲಿ ಅವಳಿಗೆ ಬೋರ್ಡ್ ಕಾಣುವ ಜಾಗ, ನೋಟ್ಸು ಯೂನಿಕೋಡ್ ಕಡತವಾಗಿ, ಬೋರ್ಡಿನ ಫೋಟೊ ತೆಗೆಯಲು ಮೊಬೈಲ್ ಬಳಸುವ ಲಿಖಿತ ಅನುಮತಿ, ಪ್ರಯೋಗಾಲಯದಲ್ಲಿ ಅವಳ ಸೂಚನೆಯಂತೆ ಕೆಲಸ ಮಾಡುವ ಸಹಾಯಕರು, ಆಂತರಿಕ ಪರೀಕ್ಷೆಗಳಲ್ಲೂ ಹೆಚ್ಚುವರಿ ಸಮಯ ಕೋರುತ್ತೇವೆ.'

ಎರಡು ಪ್ರತಿ ಒಯ್ದು ಒಂದರ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕೆ ಕಾಯದೆ ಫೆಬ್ರುವರಿ, ಮಾರ್ಚ್‌ನಲ್ಲೇ ಮಾತಾಡಿ. ಪ್ರವೇಶದ ಗಲಾಟೆಯಲ್ಲಿ ಪ್ರಾಂಶುಪಾಲರಿಗೂ ಯೋಚಿಸಲು ಪುರುಸೊತ್ತಿರುವುದಿಲ್ಲ. ಇಷ್ಟಾದರೂ ನಿರಾಕರಿಸಿದರೆ ಕಾರಣವನ್ನು ಬರಹದಲ್ಲಿ ಕೊಡಿ ಎನ್ನಿ, ಆ ಪ್ರತಿಯೊಂದಿಗೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ದೂರು ಕೊಡಬಹುದು. ಬಹಳಷ್ಟು ಕಡೆ ಬರಹದಲ್ಲಿ ಕೊಡಿ ಎಂದಾಗಲೇ ಸೀಟು ಸಿಗುತ್ತದೆ.

ಆಸಿಡ್ ಭಯಕ್ಕೆ ಉತ್ತರ ಕೆಲಸದಲ್ಲಿ ತೋರಿಸಬೇಕು. ದ್ವಿತೀಯ ಪಿಯುಸಿ ರಸಾಯನ ವಿಜ್ಞಾನದಲ್ಲಿ 70 ಅಂಕ ಲಿಖಿತಕ್ಕೆ, 30 ಪ್ರಯೋಗಕ್ಕೆ. ಅಲ್ಲಿನ ಮುಖ್ಯ ಪ್ರಯೋಗ ಪೊಟ್ಯಾಸಿಯಂ ಪರ್ಮಾಂಗನೇಟ್ ಟೈಟ್ರೇಶನ್, ಅಂದರೆ ಅದನ್ನು ಇನ್ನೊಂದು ದ್ರಾವಣಕ್ಕೆ ಹನಿಹನಿಯಾಗಿ ಬಿಟ್ಟು ಅಳೆಯುವುದು. ಕೊನೆಯಲ್ಲಿ ಕಾಣುವ ತಿಳಿ ಗುಲಾಬಿ ಬಣ್ಣವನ್ನು ಗುರುತಿಸಬೇಕು. ಕಾಣದಿದ್ದರೆ ಅದನ್ನು ಕೇಳಿಸಿಕೊಳ್ಳಬಹುದು. ಪರ್ಮಾಂಗನೇಟ್ ಹಸಿರು ಬೆಳಕನ್ನು ಹೀರುತ್ತದೆ. ಹಾಗಾಗಿ ಬೀಕರಿನ ಒಂದು ಕಡೆ ಹಸಿರು ಎಲ್‌ಇಡಿ, ಎದುರು ಎಲ್‌ಡಿಆರ್ (ಬೆಳಕಿಗೆ ತಕ್ಕಂತೆ ವಿದ್ಯುತ್ ರೋಧ ಬದಲಾಗುವ ಪುಟ್ಟ ಬಿಡಿಭಾಗ) ಇಟ್ಟರೆ ಬಣ್ಣ ಬಂದಾಗ ಎಲ್‌ಡಿಆರ್‌ಗೆ ತಲುಪುವ ಬೆಳಕು ಕಡಿಮೆಯಾಗುತ್ತದೆ. ಬೇಕಾದ್ದು ಪ್ರೋಗ್ರಾಂ ಹಾಕಬಹುದಾದ ಒಂದು ಆರ್ಡುಯಿನೊ ಊನೊ ಬೋರ್ಡು, 5 ಮಿ.ಮೀ. ಹಸಿರು ಎಲ್‌ಇಡಿ, ಅದಕ್ಕೆ 330 ಓಮ್ ರೆಸಿಸ್ಟರ್, ಒಂದು ಎಲ್‌ಡಿಆರ್, 10 ಕಿಲೋ ಓಮ್ ರೆಸಿಸ್ಟರ್, ಸದ್ದು ಮಾಡುವ ಒಂದು ಪೀಜೋ ಬಜರ್. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಎಲ್ಲವೂ ಸಿಗುತ್ತವೆ, ಆರ್ಡುಯಿನೊ ಬಿಟ್ಟರೆ ಉಳಿದದ್ದೆಲ್ಲ ಚಿಲ್ಲರೆ ಕಾಸಿನ ಸಾಮಾನು. 5 ವೋಲ್ಟಿನಿಂದ ಎಲ್‌ಡಿಆರ್, ಅದರಿಂದ 10 ಕಿಲೋ ಓಮ್ ಮೂಲಕ ಗ್ರೌಂಡಿಗೆ ಜೋಡಿಸಿ, ನಡುವಿನ ಬಿಂದುವನ್ನು ಅನಲಾಗ್ ಪಿನ್ನಿಗೆ ಕೊಡಿ. ಬೆಳಕು ಇಳಿದಂತೆ ಆ ವೋಲ್ಟೇಜ್ ಇಳಿಯುತ್ತದೆ, ಬಜರಿನ ಸ್ವರವೂ ಇಳಿಯುವಂತೆ ಪ್ರೋಗ್ರಾಂ ಬರೆಯಬೇಕು.

ಮೊದಲ ಸಲ ಇದು ಸರಿಯಾಗಿ ಕೆಲಸ ಮಾಡುವುದು ಅಪರೂಪ, ಕಾರಣಗಳು ಇವು. 10 ಮಿ.ಲೀ. ದ್ರಾವಣಕ್ಕೆ ಅಷ್ಟೇ ಆಮ್ಲ ಸೇರಿದರೂ ಅಗಲ ತಳದ ಕೋನಿಕಲ್ ಫ್ಲಾಸ್ಕಿನಲ್ಲಿ ದ್ರವ ತೆಳ್ಳಗೆ ಹರಡುತ್ತದೆ, ಬೆಳಕು ದ್ರವದ ಮೇಲಿನಿಂದಲೇ ಹಾದುಹೋಗುತ್ತದೆ. ಅದಕ್ಕೆ 50 ಮಿ.ಲೀ. ಬೀಕರ್ ಬಳಸಿ, ಎಲ್‌ಇಡಿಯನ್ನು ತಳದಿಂದ 7-8 ಮಿ.ಮೀ. ಎತ್ತರದಲ್ಲಿ ನಿಲ್ಲಿಸಿ. ಕೋಣೆಯ ಬೆಳಕು ಬದಲಾದರೆ ಸ್ವರ ಬದಲಾಗುತ್ತದೆ, ಸುತ್ತ ಕಪ್ಪು ಚಾರ್ಟ್ ಹಾಳೆಯ ಗೋಡೆ ಕಟ್ಟಿ. ಟ್ಯೂಬ್‌ಲೈಟ್‌ನಿಂದ ಸ್ವರ ನಡುಗುತ್ತದೆ, 20 ರೀಡಿಂಗಿನ ಸರಾಸರಿ ತೆಗೆದುಕೊಳ್ಳಿ. ತಿಳಿ ಗುಲಾಬಿಯ ವ್ಯತ್ಯಾಸ ಬಹಳ ಸಣ್ಣದು, ಆದ್ದರಿಂದ ಆರಂಭದ ರೀಡಿಂಗನ್ನು ಸೊನ್ನೆಯಾಗಿಟ್ಟು ವ್ಯತ್ಯಾಸವನ್ನು ಹತ್ತು ಪಟ್ಟು ಹಿಗ್ಗಿಸಿ. ಹನಿ ಹಾಕಿ ಅಲುಗಾಡಿಸಿದ ಮೇಲೆ ಎರಡು ಮೂರು ಸೆಕೆಂಡು ಬಿಟ್ಟು ಕೇಳಿ. ಹನಿ ಬಿದ್ದಾಗ ಸ್ವರ ಕುಸಿಯುತ್ತದೆ, ಬಣ್ಣ ಮಾಯವಾದಂತೆ ಮತ್ತೆ ಏರುತ್ತದೆ. ಕೊನೆಯ ಬಿಂದುವಿನಲ್ಲಿ ಕುಸಿದ ಸ್ವರ ಏರುವುದೇ ಇಲ್ಲ. 30 ಸೆಕೆಂಡು ಹಾಗೇ ನಿಂತರೆ ಅದೇ ಉತ್ತರ. ದೃಷ್ಟಿ ಕಳೆದುಕೊಂಡ ಪೋರ್ಟೊರಿಕೊದ ಖಗೋಳ ವಿಜ್ಞಾನಿ ವಾಂಡಾ ಡಿಯಾಜ್-ಮರ್ಸೆಡ್ ನಕ್ಷತ್ರಗಳ ದತ್ತಾಂಶವನ್ನು ಹೀಗೆಯೇ ಧ್ವನಿಯಾಗಿಸಿ ಸಂಶೋಧನೆ ನಡೆಸಿದವರು.

ಶುರುವಿಗೆ ಫೆರಸ್ ಅಮೋನಿಯಂ ಸಲ್ಫೇಟ್ ಪ್ರಯೋಗ ಮಾಡಿಸಿ. ಆಕ್ಸಾಲಿಕ್ ಆಮ್ಲಕ್ಕೆ ಬಿಸಿ ಮಾಡಬೇಕು, ಇದಕ್ಕೆ ಬೇಡ. ಪಿಪೆಟ್‌ಗೆ ರಬ್ಬರ್ ಬಲ್ಬ್ ಕಡ್ಡಾಯ. ಎಲ್ಲ ಸಾಮಾನನ್ನು ಅಂಚಿರುವ ಟ್ರೇಯಲ್ಲಿ ಪ್ರತಿ ಸಲವೂ ಒಂದೇ ಕ್ರಮದಲ್ಲಿ ಜೋಡಿಸಿ. ಬರಿಯ ಗಾಜಿನ ಸಾಮಾನಿಗೆ ಕಪ್ಪು ಟ್ರೇ, ಕಡು ಬಣ್ಣದ ದ್ರಾವಣಕ್ಕೆ ಬಿಳಿ ಟ್ರೇ. ಬ್ಯೂರೆಟ್ ಓದಲು ಮೊಬೈಲ್ ಕ್ಯಾಮೆರಾ ಜೂಮ್ ಮಾಡಬಹುದು. ಕನ್ನಡಕ, ಏಪ್ರನ್ ಎಲ್ಲರಿಗೂ ಇರಬೇಕಾದದ್ದೇ. ಸಹಾಯಕರು ಅವಳು ಹೇಳಿದ್ದನ್ನಷ್ಟೇ ಮಾಡಬೇಕು, 'ಸಾಕು, ಬಣ್ಣ ಬಂತು' ಎಂದು ಅವರೇ ಹೇಳಿಬಿಟ್ಟರೆ ಪ್ರಯೋಗ ಅವಳದಾಗುವುದಿಲ್ಲ. ಹೊರಗಿನಿಂದ ಬರುವ ಪರೀಕ್ಷಕರಿಗೆ ಈ ಸಾಧನದ ವಿಷಯ ಪ್ರಾಂಶುಪಾಲರ ಪತ್ರದ ಮೂಲಕ ಮೊದಲೇ ತಿಳಿದಿರಲಿ. ಭೌತ ವಿಜ್ಞಾನದಲ್ಲಿ ಕತ್ತಲೆ ಕೋಣೆಯ ಪ್ರಯೋಗಗಳಷ್ಟೇ ಕಷ್ಟ, ಉಳಿದವಕ್ಕೆ ಡಿಜಿಟಲ್ ವರ್ನಿಯರ್, ದೊಡ್ಡ ಅಂಕಿಯ ಮಲ್ಟಿಮೀಟರ್ ಸಾಕಾಗುತ್ತದೆ.

ಸಿಇಟಿಯ ಪ್ರತಿ ಪತ್ರಿಕೆ 80 ನಿಮಿಷ, 60 ಪ್ರಶ್ನೆ. ಅರ್ಜಿ ತುಂಬುವಾಗಲೇ ಅಂಗವೈಕಲ್ಯದ ಕಲಂ ಮತ್ತು ಸಹಾಯಕರ ಕಲಂ ತುಂಬಬೇಕು, ಆಮೇಲೆ ಸೇರಿಸಲು ಹೋದರೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ. ಅಂಗವೈಕಲ್ಯ ಇರುವವರಿಗೆ ಸೀಟಿನ ಮೀಸಲಾತಿ ಶೇ 5. ಪರೀಕ್ಷಾ ಪ್ರಾಧಿಕಾರ ವೈದ್ಯಕೀಯ ತಪಾಸಣೆಗೆ ಕರೆದ ದಿನ ಪೆರಿಮೆಟ್ರಿ ವರದಿಯ ಮೂಲಪ್ರತಿ ಒಯ್ಯಿರಿ, ಅಲ್ಲೂ ಚಾರ್ಟ್ ಮಾತ್ರ ನೋಡುವ ಸಂಭವ ಇದೆ. ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯಾದ ಜೆಇಇ ಮೇನ್‌ನಲ್ಲಿ ಮೂರು ಗಂಟೆಗೆ ಒಂದು ಗಂಟೆ ಹೆಚ್ಚುವರಿ, ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರುತ್ತದೆ.

ಖರ್ಚಿಗೆ ಮುಖ್ಯ ಆಸರೆ ತಾಂತ್ರಿಕ ಶಿಕ್ಷಣ ಮಂಡಳಿ ಎಐಸಿಟಿಇಯ ಸಕ್ಷಮ್ ವಿದ್ಯಾರ್ಥಿವೇತನ: ಶೇ 40 ಮತ್ತು ಮೇಲ್ಪಟ್ಟವರಿಗೆ, ಕುಟುಂಬದ ಆದಾಯ 8 ಲಕ್ಷ ಮೀರದಿದ್ದರೆ, ಡಿಪ್ಲೊಮಾ ಅಥವಾ ಎಂಜಿನಿಯರಿಂಗ್‌ಗೆ ವರ್ಷಕ್ಕೆ 50,000 ರೂಪಾಯಿ. ಮೊದಲ ವರ್ಷವೇ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು, ಪ್ರತಿವರ್ಷ ನವೀಕರಿಸಬೇಕು. ಪಿಯುಸಿಗೆ ಕೇಂದ್ರದ ಪೋಸ್ಟ್ ಮೆಟ್ರಿಕ್ ವೇತನವಿದೆ.

ಎಂಜಿನಿಯರಿಂಗ್ ಸೇರುವ ಮುನ್ನ ಕಾಲೇಜಿಗೆ ಹೋಗಿ ನೋಡಿ ಬನ್ನಿ, ಚಿಕ್ಕಬಳ್ಳಾಪುರದ ಎಸ್‌ಜೆಸಿಐಟಿ ಆಗಲಿ, ಮುದ್ದೇನಹಳ್ಳಿಯ ವಿಟಿಯು ಕ್ಯಾಂಪಸ್ ಆಗಲಿ, ತುಮಕೂರಿನ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯವಾಗಲಿ. ಕಟ್ಟಡಕ್ಕಿಂತ ಲ್ಯಾಬಿನಲ್ಲಿ ಯಾವ ತಂತ್ರಾಂಶ ಬಳಸುತ್ತಾರೆ ಎಂದು ಕೇಳಿ. ಪ್ರೋಗ್ರಾಂ ಬರೆಯಲು ಬಳಸುವ ವಿಎಸ್ ಕೋಡ್ ಎನ್‌ವಿಡಿಎ ಜೊತೆ ಚೆನ್ನಾಗಿ ಹೊಂದುತ್ತದೆ. ಡಿಜಿಟಲ್ ಎಲೆಕ್ಟ್ರಾನಿಕ್ಸ್‌ನಲ್ಲಿ ವೆರಿಲಾಗ್ ಭಾಷೆಯಲ್ಲಿ ಬರೆಯುವುದು ಪಠ್ಯವೇ ಆದ್ದರಿಂದ ತೊಂದರೆಯಿಲ್ಲ. ನಿಜವಾದ ಅಡ್ಡಿ ಮೊದಲ ವರ್ಷದ ಎಂಜಿನಿಯರಿಂಗ್ ಡ್ರಾಯಿಂಗ್, ಅದು ಪೂರ್ತಿ ಮೌಸ್ ಮತ್ತು ಕಣ್ಣಿನ ಕೆಲಸ. ಕೋಡ್ ಬರೆದು ಮೂರು ಆಯಾಮದ ಆಕಾರ ಮಾಡುವ ಓಪನ್‌ಎಸ್‌ಕ್ಯಾಡ್‌ನಂಥದ್ದನ್ನು ಬದಲಿಯಾಗಿ ಒಪ್ಪಿಸಿಕೊಳ್ಳಬೇಕಾದರೆ ವಿಶ್ವವಿದ್ಯಾಲಯದ ಅನುಮತಿ ಬೇಕು, ಪ್ರವೇಶದ ವಾರವೇ ಪ್ರಾಂಶುಪಾಲರ ಮೂಲಕ ಬರೆಸಿ. ದೂರದ ಕಾಲೇಜಿಗಿಂತ ಹಾಸ್ಟೆಲ್ ಕ್ಯಾಂಪಸ್ಸಿನೊಳಗೇ ಇರುವ ಕಾಲೇಜು ಅವಳಿಗೆ ಹಿತ, ಏಕೆಂದರೆ ಸಂಜೆ ಲ್ಯಾಬ್ ಮುಗಿಸಿ ಕತ್ತಲಲ್ಲಿ ಬಸ್ ಹಿಡಿಯುವುದೇ ಈ ಕಾಯಿಲೆಯಲ್ಲಿ ಎಲ್ಲಕ್ಕಿಂತ ಅಪಾಯ. ಬಿಳಿ ಕೋಲಿನ ತರಬೇತಿಗೆ ನಾಚಿಕೆ ಬೇಡ. ರಾತ್ರಿ ಮಾತ್ರ ಬಳಸಿದರೂ ಸರಿಯೇ.

ಬೇರೆ ತೊಂದರೆಯಿರುವ ಮಕ್ಕಳ ಮನೆಯವರೂ ಇದನ್ನು ಓದುತ್ತಿರಬಹುದು. ಗಾಲಿಕುರ್ಚಿಗೆ ಇಳಿಜಾರು 1:12 ಇರಬೇಕು: ತಲಾ 15 ಸೆಂ.ಮೀ.ನ ಮೂರು ಮೆಟ್ಟಿಲಿಗೆ 5.4 ಮೀಟರ್ ಉದ್ದ. ಎರಡು ಮೀಟರಿನಲ್ಲಿ ಕಟ್ಟಿ ಮುಗಿಸಿದ ರ‍್ಯಾಂಪ್ ಫೋಟೊಗೆ ಮಾತ್ರ ಆಗುತ್ತದೆ, ಹತ್ತಲು ಆಗುವುದಿಲ್ಲ. ಲ್ಯಾಬಿನಲ್ಲಿ ಒಂದು ಮೇಜನ್ನಾದರೂ 75 ಸೆಂ.ಮೀ. ಆಸುಪಾಸಿಗೆ ಇಳಿಸಿ ಕೆಳಗೆ ಮಂಡಿಗೆ ಜಾಗ ಬಿಡಿಸಿ. ಕಿವಿ ಕೇಳದ ಮಕ್ಕಳಿಗೆ ಪಾಠ ಮಾಡುವವರು ಬೋರ್ಡಿನ ಕಡೆ ತಿರುಗಿ ಮಾತಾಡಬಾರದು, ಯಂತ್ರಗಳ ಎಚ್ಚರಿಕೆ ಗಂಟೆಗೆ ಮಿನುಗುವ ದೀಪ ಜೋಡಿಸಬೇಕು, ಮೊಬೈಲಿನ ಲೈವ್ ಟ್ರಾನ್ಸ್‌ಕ್ರೈಬ್ ಆ್ಯಪ್ ಕನ್ನಡದ ಮಾತನ್ನೂ ಬರೆದು ತೋರಿಸುತ್ತದೆ. 1975ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ಪಡೆದ ಜಾನ್ ಕಾರ್ನ್‌ಫೋರ್ತ್ ಅವರಿಗೆ ಯೌವನದಲ್ಲೇ ಕಿವಿ ಪೂರ್ತಿ ಹೋಗಿತ್ತು.

ಕೆಲಸದ ಮಾತು. ಕೇಂದ್ರ ಸರ್ಕಾರದ ಹುದ್ದೆಗಳಲ್ಲಿ ಶೇ 4 ಮೀಸಲು, ಅದರಲ್ಲಿ ಶೇ 1 ದೃಷ್ಟಿದೋಷಕ್ಕೆ. ಯಾವ ಹುದ್ದೆಗೆ ಯಾವ ಅಂಗವೈಕಲ್ಯದವರು ಅರ್ಹರು ಎಂಬ ಪಟ್ಟಿ 2021ರ ಜನವರಿ 4ರಂದು ಪ್ರಕಟವಾಗಿದೆ. ಶಾಖೆ ಆರಿಸುವ ಮೊದಲೇ ಅದನ್ನು ನೋಡಿದರೆ ಎಲ್ಲಿ ಅವಕಾಶ ಹೆಚ್ಚೆಂದು ತಿಳಿಯುತ್ತದೆ. ಖಾಸಗಿ ಕಂಪನಿಗಳಲ್ಲಿ ತಂತ್ರಾಂಶ ಬರೆಯುವುದರ ಜೊತೆಗೆ, ವೆಬ್‌ಸೈಟು, ಆ್ಯಪ್‌ಗಳು ಅಂಗವಿಕಲರಿಗೆ ಬಳಸಲು ಬರುತ್ತವೆಯೇ ಎಂದು ಪರೀಕ್ಷಿಸುವ ಕೆಲಸವೂ ಇದೆ. ಎನ್‌ವಿಡಿಎಯನ್ನು ದಿನವೂ ಬಳಸುವವಳಿಗೆ ಅದರಲ್ಲಿ ಮೇಲುಗೈ. ಬೆಂಗಳೂರಿನ ಎನೇಬಲ್ ಇಂಡಿಯಾ ಮತ್ತು ಸಮರ್ಥನಂ ಸಂಸ್ಥೆಗಳು ಉದ್ಯೋಗ ತರಬೇತಿ ಕೊಡುತ್ತವೆ, ಮೂರನೇ ವರ್ಷದಲ್ಲೇ ಸಂಪರ್ಕಿಸಿ. ಕ್ಯಾಂಪಸ್ ಆಯ್ಕೆಯಲ್ಲಿ ಎಡವುವುದು ಸಾಮಾನ್ಯವಾಗಿ ಆನ್‌ಲೈನ್ ಪರೀಕ್ಷೆಯಲ್ಲಿ: ಪ್ರಶ್ನೆಗಳು ಚಿತ್ರದಲ್ಲಿರುತ್ತವೆ, ಗಡಿಯಾರ ಓಡುತ್ತಿರುತ್ತದೆ, ಬೇರೆ ತಂತ್ರಾಂಶ ತೆರೆದರೆ ನಕಲು ಎಂದು ಪರೀಕ್ಷೆ ನಿಂತುಹೋಗುತ್ತದೆ. ಸ್ಕ್ರೀನ್ ರೀಡರ್ ಬಳಸುವ ಅಭ್ಯರ್ಥಿ ಇದ್ದಾಳೆ, ಮಾದರಿ ಪರೀಕ್ಷೆಯ ಲಿಂಕ್ ಒಂದು ವಾರ ಮೊದಲು ಕೊಡಿ, ಹೆಚ್ಚುವರಿ ಸಮಯ ಇಷ್ಟು ಬೇಕು ಎಂದು ಪ್ಲೇಸ್‌ಮೆಂಟ್ ಅಧಿಕಾರಿಯಿಂದಲೇ ಕಂಪನಿಗೆ ಇಮೇಲ್ ಹೋಗಬೇಕು. ಆ ಲಿಂಕಿನಲ್ಲಿ ಅವಳು ತನ್ನದೇ ಲ್ಯಾಪ್‌ಟಾಪಿನಿಂದ ಒಮ್ಮೆ ಪೂರ್ತಿ ಬರೆದು ನೋಡಿ, ಎಲ್ಲಿ ಓದಲಿಲ್ಲ ಎಂದು ಪ್ರಶ್ನೆಯ ಸಂಖ್ಯೆ ಸಮೇತ ತಿಳಿಸಿದರೆ ಸರಿಪಡಿಸಲು ಅವರಿಗೂ ಸಮಯ ಸಿಗುತ್ತದೆ.